ಕನ್ನಂಬಾಡಿಯ ಗಾರೆ

ಕಾವೇರಿ ನದಿಯು ಶಿವನಸಮುದ್ರದ ಬಳಿ ಎರಡು ಕವಲಾಗಿ ಒಡೆದು, ನಡುವೆ ಒಂದು ದ್ವೀಪವನ್ನು ಉಳಿಸಿ, ಕಡಿದಾದ ಬಂಡೆಗಳ ಮೇಲಿನಿಂದ ಕೆಳಕ್ಕೆ ಧುಮುಕುತ್ತದೆ. ಪಡುವಣ ಕವಲಿನ ಜಲಪಾತಕ್ಕೆ ಗಗನಚುಕ್ಕಿ ಎಂದೂ ಮೂಡಣ ಕವಲಿನದಕ್ಕೆ ಭರಚುಕ್ಕಿ ಎಂದೂ ಹೆಸರು. ಭರಚುಕ್ಕಿ ಇರುವುದು ಕೊಳ್ಳೇಗಾಲದ ಸೀಮೆಯಲ್ಲಿ. ಬಿಳಿಗಿರಿರಂಗನ ಬೆಟ್ಟದ ಕಡೆಯ ನೀರನ್ನು ಕೂಡಿಸಿಕೊಂಡು ಯಳಂದೂರಿನ ಮಗ್ಗುಲಲ್ಲಿ ಹರಿದುಬರುವ ಸುವರ್ಣಾವತಿಯೂ ಈ ಸೀಮೆಯಲ್ಲಿಯೇ ಕಾವೇರಿಯನ್ನು ಸೇರುತ್ತದೆ. ಜಲಪಾತವನ್ನು ದಾಟಿದ ಹೊಳೆಯು ಹನೂರಿನ ಕಾಡುಗಳ ಅಂಚನ್ನು ಬಳಸಿ ಹೊಗೇನಕಲ್ಲಿನತ್ತ ಸಾಗುತ್ತದೆ.

1902ನೆಯ ಇಸವಿ ಜೂನ್ 30ರಂದು ಈ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿಯಿತು. ಆ ಯೋಜನೆಯನ್ನು ರೂಪಿಸಿದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆಗ ದಿವಾನರಾಗಿದ್ದವರು ಪೂರ್ಣಯ್ಯನವರ ವಂಶಸ್ಥರೂ ಯಳಂದೂರಿನ ಜಹಗೀರುದಾರರೂ ಆದ ಪಿ. ಎನ್. ಕೃಷ್ಣಮೂರ್ತಿಯವರು. ದೇಶವೆಲ್ಲ ಬೆರಗಿನಿಂದ ನೋಡಿದ ಕೆಲಸ ಅದು. ಆದರೆ ಅದರಲ್ಲಿ ಒಂದು ಕೊರತೆ ಉಳಿದಿತ್ತು. ಮಳೆಗಾಲದಲ್ಲಿ ದಡ ಮೀರಿ ಹರಿಯುವ ಕಾವೇರಿ ಬೇಸಗೆಯಲ್ಲಿ ಬಂಡೆಗಳ ಸಂದಿನಲ್ಲಿ ತೊರೆಯಾಗಿ ಇಳಿಯುತ್ತಿತ್ತು. ನೀರು ಸೊರಗಿದರೆ ಯಂತ್ರಗಳೂ ಸೊರಗುತ್ತಿದ್ದುವು. ಗಣಿಯವರಾದರೋ ಇನ್ನೂ ಹೆಚ್ಚಿನ ಶಕ್ತಿಯನ್ನು ಕೇಳುತ್ತಿದ್ದರು. ಮಳೆಗಾಲದ ನೀರನ್ನು ಎಲ್ಲಿಯಾದರೂ ಮೇಲ್ಭಾಗದಲ್ಲಿ ಹಿಡಿದಿಟ್ಟುಕೊಳ್ಳದೆ ಬೇರೆ ದಾರಿ ಇರಲಿಲ್ಲ. ಈ ಹೊಣೆಯನ್ನು ಹೊತ್ತವರು 1909ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಗೆ ಗೌರವವಿತ್ತು, ಹಣವಿರಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಚಿಕ್ಕಬಳ್ಳಾಪುರದ ಶಾಲೆಯನ್ನು ಮುಗಿಸಿ ಬೆಂಗಳೂರಿಗೆ ಬಂದು, ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ ಸಂಪಾದಿಸಿದ ಹಣದಿಂದ ಸೆಂಟ್ರಲ್ ಕಾಲೇಜಿನಲ್ಲಿ ಓದಿದನು. ಬಿ.ಎ. ಪದವಿಯ ಅನಂತರ ಮೈಸೂರು ಸರಕಾರದ ವಿದ್ಯಾರ್ಥಿವೇತನವು ದೊರೆತು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡುವ ಅವಕಾಶವಾಯಿತು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಅವರನ್ನು ಮರುವರ್ಷವೇ ಮುಂಬಯಿ ಸರಕಾರವು ಸಹಾಯಕ ಇಂಜಿನಿಯರಾಗಿ ನಾಸಿಕದಲ್ಲಿ ನೇಮಿಸಿತು.

ಅಲ್ಲಿಂದ ಮುಂದಿನ ಕಾಲು ಶತಮಾನದ ಸೇವೆಯಲ್ಲಿ ಎರಡು ಸಂಗತಿಗಳನ್ನು ಇಲ್ಲಿ ನೆನೆಯಬೇಕು. ಮೊದಲನೆಯದು ಸಿಂಧ್ ಪ್ರಾಂತದ ಸುಕ್ಕೂರು ಪಟ್ಟಣದ ಕುಡಿಯುವ ನೀರಿನ ಕೆಲಸ. ಸಿಂಧೂ ನದಿಯ ನೀರು ಕೆಸರಿನಿಂದ ಕೂಡಿದ್ದು, ಅದನ್ನು ಸೋಸಲು ಬೇಕಾದ ದೊಡ್ಡ ತೊಟ್ಟಿಗಳನ್ನು ಕಟ್ಟಿಸುವಷ್ಟು ಹಣ ಪಟ್ಟಣದವರಲ್ಲಿ ಇರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿದರು. ನದಿಯ ನೀರು ಮರಳಿನ ಕಣಗಳ ನಡುವಣ ಸಣ್ಣ ಸಣ್ಣ ಎಡೆಗಳಲ್ಲಿ ನುಸುಳಿ, ಕೆಸರನ್ನು ಅಲ್ಲಿಯೇ ಬಿಟ್ಟು, ತಿಳಿಯಾಗಿ ಬಾವಿಯನ್ನು ಸೇರಿತು. ಅದನ್ನು ಯಂತ್ರದಿಂದ ಗುಡ್ಡದ ಮೇಲಕ್ಕೆ ಏರಿಸಿ ಊರಿಗೆ ಹಂಚಿದರು. ಎರಡನೆಯದು ಪುಣೆಯ ಬಳಿ ಖಡಕವಾಸಲಾ ಜಲಾಶಯಕ್ಕೆ ಅವರು ಯೋಜಿಸಿದ ಸ್ವಯಂಚಾಲಿತ ಬಾಗಿಲುಗಳು. ನೀರು ಒಂದು ಮಟ್ಟವನ್ನು ಮೀರಿದೊಡನೆ ತಾವಾಗಿ ತೆರೆದುಕೊಂಡು, ಇಳಿದೊಡನೆ ಮುಚ್ಚಿಕೊಳ್ಳುವ ಈ ಬಾಗಿಲುಗಳಿಂದ ಹಳೆಯ ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸುವುದು ಸಾಧ್ಯವಾಯಿತು. ಮುಂಬಯಿ ಸೇವೆಯಿಂದ ನಿವೃತ್ತರಾದ ಮೇಲೆ, 1908ರಲ್ಲಿ ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ್ದ ಹೈದರಾಬಾದು ನಗರದ ರಕ್ಷಣೆಗೂ ಅವರು ಯೋಜನೆಯನ್ನು ಮಾಡಿಕೊಟ್ಟರು. ಆ ಕೆಲಸದ ನಡುವೆಯೇ ಮೈಸೂರಿನಿಂದ ಕರೆ ಬಂದಿತು.

ಅಣೆಕಟ್ಟೆಗೆ ಅವರು ಆರಿಸಿದ ಸ್ಥಳ ಶ್ರೀರಂಗಪಟ್ಟಣದಿಂದ ಮೇಲಕ್ಕೆ, ಹೇಮಾವತಿ ಲಕ್ಷ್ಮಣತೀರ್ಥಗಳು ಕಾವೇರಿಯನ್ನು ಕೂಡಿದ ಮೇಲಿನ ಕನ್ನಂಬಾಡಿ. ಅಲ್ಲಿ ಕಟ್ಟೆ ಕಟ್ಟಬೇಕೆಂಬ ಆಲೋಚನೆ ಟಿಪ್ಪು ಸುಲ್ತಾನನಿಗೂ ಇತ್ತೆಂಬುದನ್ನು ಹೇಳುವ ಪಾರಸಿ ಶಾಸನವೊಂದು ಆ ಸ್ಥಳದಲ್ಲಿ ದೊರೆಯಿತು. ಆದರೆ ಈಗ ಎದ್ದುದು ಸಾಮಾನ್ಯ ವಿರೋಧವಲ್ಲ. ಸುಮಾರು ಎರಡೂವರೆ ಕೋಟಿ ರೂಪಾಯಿಗಳ ವೆಚ್ಚವನ್ನು ಕಂಡು ಹಣಕಾಸಿನ ಅಧಿಕಾರಿಗಳು ಹಿಂಜರಿದರು. ಮದರಾಸು ಸರಕಾರವು ತನ್ನ ತಂಜಾವೂರಿನ ಗದ್ದೆಗಳ ನೀರಿಗೆ ಕುತ್ತು ಬಂದಿತೆಂದು ಆಕ್ಷೇಪಿಸಿತು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ಕೊಳ್ಳೇಗಾಲವು ಆಗ ಮೈಸೂರಿಗೆ ಸೇರಿರಲಿಲ್ಲ. ಅದು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು, ಹನೂರೂ ಅದರೊಳಗೇ ಇತ್ತು. ನೆರೆಯ ಯಳಂದೂರು ಮಾತ್ರ ಮೈಸೂರಿನದು. ಹೀಗೆ ಒಂದೇ ಭಾಷೆಯನ್ನಾಡುವ, ಒಂದೇ ಸಂತೆಗೆ ಹೋಗಿಬರುವ ಜನರು ಈ ನೀರಿನ ವ್ಯಾಜ್ಯದಲ್ಲಿ ಎರಡು ಸರಕಾರಗಳ ಕಡೆಗೆ ಹಂಚಿಹೋಗಿದ್ದರು.

ವಿಶ್ವೇಶ್ವರಯ್ಯನವರು ಅಂಕಿಗಳನ್ನು ಮುಂದಿಟ್ಟು ವಾದಿಸಿದರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1911ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟರು. ಮರುತಿಂಗಳೇ ಕೆಲಸ ಆರಂಭವಾಯಿತು. ಮದರಾಸಿನವರು ಆ ಹೊತ್ತಿಗೆ ಒಪ್ಪಿದ್ದುದು ಎಂಬತ್ತು ಅಡಿಗಳಷ್ಟು ನೀರಿಗೆ ಮಾತ್ರ. ಆದರೂ ಮುಂದೆ ಪೂರ್ಣ ಎತ್ತರಕ್ಕೆ ಏರಿಸಲು ಅನುಕೂಲವಾಗುವಂತೆ ಅಸ್ತಿಭಾರವನ್ನು ಅಗಲವಾಗಿಯೇ ತೆಗೆಸಿದರು. ಇದು ಸಾಹಸವೇ ಸರಿ. ಒಪ್ಪಿಗೆ ದೊರೆಯದಿದ್ದರೆ ಆ ಹಣವೆಲ್ಲ ನೆಲದಲ್ಲಿ ಹೂತಂತೆಯೇ ಆಗುತ್ತಿತ್ತು.

ಕಲ್ಲಿಗೆ ಮೈಸೂರು ಸೀಮೆಯಲ್ಲಿ ಬರವಿಲ್ಲ. ಕಲ್ಲನ್ನು ಕಲ್ಲಿಗೆ ಹಿಡಿದು ನಿಲ್ಲಿಸುವ ಗಾರೆ ಯಾವುದೆಂಬುದೇ ಪ್ರಶ್ನೆ. ಸಿಮೆಂಟು ಆಗ ಹಡಗಿನಲ್ಲಿ ಹೊರದೇಶದಿಂದ ಬರಬೇಕಾದ ವಸ್ತು. ಭಾರತದಲ್ಲಿ ಅದನ್ನು ಗಣನೀಯವಾಗಿ ತಯಾರಿಸತೊಡಗಿದುದು 1914ರಲ್ಲಿ, ಪೋರಬಂದರಿನಲ್ಲಿ. 8,600 ಅಡಿ ಉದ್ದ, ನದಿಯ ತಳದಿಂದ ಸುಮಾರು 130 ಅಡಿ ಎತ್ತರದ ಕಟ್ಟೆಗೆ ಆಮದು ಸಿಮೆಂಟನ್ನು ಬಳಸುವುದೆಂದರೆ ಬೊಕ್ಕಸವೇ ಬರಿದಾಗುತ್ತಿತ್ತು. ನಮ್ಮ ನಾಡಿನಲ್ಲಿ ಧಾರಾಳವಾಗಿ ದೊರೆಯುತ್ತಿದ್ದುದು ಸುಣ್ಣ.

ಆದರೆ ಬರಿಯ ಸುಣ್ಣದಿಂದ ಅಣೆಕಟ್ಟೆಯನ್ನು ಕಟ್ಟಲಾಗದು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಅದಕ್ಕೆ ನೀರು ಹಾಕಿ ಅರಳಿಸಿ, ಮರಳು ಬೆರೆಸಿ ಗೋಡೆಗೆ ಹಚ್ಚಿದರೆ, ಗಾಳಿಯಲ್ಲಿರುವ ಅದೇ ಅನಿಲವನ್ನು ಮತ್ತೆ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಮನೆಯ ಗೋಡೆಗೆ ಇದು ಸಾಕು. ನೂರು ಅಡಿ ದಪ್ಪದ ಕಟ್ಟೆಯ ಒಡಲಿಗೆ ಗಾಳಿ ಹೋಗುವ ಬಗೆ ಹೇಗೆ? ಅಲ್ಲಿ ಸುಣ್ಣವು ವರುಷಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ; ನೀರು ತಾಕಿದರೆ ಕರಗಿ ಹರಿದುಹೋಗುತ್ತದೆ. ಆದುದರಿಂದ ಸುಣ್ಣಕ್ಕೆ ಏನನ್ನು ಬೆರೆಸಬೇಕೆಂಬುದರಲ್ಲಿಯೇ ಕಟ್ಟೆಯ ಅಳಿವು ಉಳಿವು ಅಡಗಿತ್ತು.

ಸುಣ್ಣಕ್ಕೆ ಬೆರಕೆ ಹಾಕುವುದು ನಮ್ಮ ಗಾರೆಕೆಲಸದವರಿಗೆ ಹೊಸದೇನೂ ಆಗಿರಲಿಲ್ಲ. ಎತ್ತು ಎಳೆಯುವ ಗಾಣದಲ್ಲಿ ಗಾರೆಯನ್ನು ಅರೆಯುವಾಗ ಬೆಲ್ಲದ ನೀರನ್ನೂ ಅಳಲೆಕಾಯಿಯನ್ನು ನೆನೆಹಾಕಿದ ನೀರನ್ನೂ ಹೊಯ್ಯುತ್ತಿದ್ದರು. ಕನ್ನಡಿಯಂತೆ ಹೊಳೆಯಬೇಕಾದ ಗಿಲಾವಿಗೆ ಕೋಳಿಮೊಟ್ಟೆಯ ಬಿಳಿಯನ್ನೂ ಸೇರಿಸುತ್ತಿದ್ದರು. ಇವೆಲ್ಲ ಬರಿಯ ನಂಬಿಕೆಯ ಮಾತುಗಳಲ್ಲವೆಂದು ಈಚಿನ ರಸಾಯನಶಾಸ್ತ್ರ ತೋರಿಸಿದೆ. ಬರಿಯ ನೀರಿನಲ್ಲಿ ಕರಗುವುದಕ್ಕಿಂತ ಹೆಚ್ಚು ಸುಣ್ಣ ಬೆಲ್ಲದ ನೀರಿನಲ್ಲಿ ಕರಗುತ್ತದೆ. ಗಾರೆಯು ಕಡಮೆ ನೀರಿನಲ್ಲಿಯೇ ಮೆದುವಾಗಿ ಹದಕ್ಕೆ ಬರುತ್ತದೆ. ನೀರು ಕಡಮೆಯಾದಷ್ಟೂ ಒಣಗಿದ ಮೇಲೆ ಉಳಿಯುವ ರಂಧ್ರಗಳು ಕಡಮೆ. ಮೊಟ್ಟೆಯ ಬಿಳಿಯ ಗುಣ ಬೇರೆ. ಅದನ್ನು ಕಡೆದರೆ ಅಂಟುವಾಳದ ನೀರಿನಂತೆ ನೊರೆಯೇಳುವುದನ್ನು ಯಾರೂ ನೋಡಬಹುದು. ಆ ನೊರೆಯು ಗಾರೆಯಲ್ಲಿ ಸೇರಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ಅಲ್ಲಲ್ಲಿ ನಿಲ್ಲುತ್ತವೆ. ಗುಳ್ಳೆಗಳ ಮೇಲೆ ಜಾರಿ ಗಾರೆಯು ಕರಣೆಗೆ ಸುಲಭವಾಗಿ ಮಣಿಯುತ್ತದೆ, ಹಗುರವಾಗುತ್ತದೆ, ಬಿಸಿಲಿನ ತಾಪವನ್ನು ತಡೆಯುತ್ತದೆ. ನೀರಿನೊಡನೆ ಬಂದ ಉಪ್ಪು ಹರಳುಗಟ್ಟಿ ಉಬ್ಬಿದರೂ ಆ ಗುಳ್ಳೆಗಳಲ್ಲಿ ಅದಕ್ಕೆ ಸ್ಥಳ ದೊರೆತು ಗಿಲಾವು ಸಿಡಿಯುವುದಿಲ್ಲ.

ಇಷ್ಟೆಲ್ಲ ಗುಣವಿದ್ದರೂ ನೊರೆಗೆ ಒಂದು ಬೆಲೆಯನ್ನು ತೆರಲೇಬೇಕು. ಗುಳ್ಳೆಯಿದ್ದಲ್ಲಿ ಗಾರೆಯಿಲ್ಲ, ಗಾರೆಯಿಲ್ಲದಲ್ಲಿ ಬಲವಿಲ್ಲ. ಇಂದಿನ ಕಾಂಕ್ರೀಟಿನಲ್ಲಿ ನೂರಕ್ಕೆ ಒಂದು ಪಾಲು ಗಾಳಿ ಹೆಚ್ಚಿದರೆ ಸುಮಾರು ಐದು ಪಾಲು ಬಲ ಕುಂದುತ್ತದೆಂದು ಇಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಮೇಲಾಗಿ ಕನ್ನಂಬಾಡಿಯಂಥ ಕಟ್ಟೆ ನಿಲ್ಲುವುದು ತನ್ನ ಭಾರದಿಂದಲೇ. ಹಿಂದಿನಿಂದ ನೂಕುವ ನೀರಿಗೆ ಅದು ಒಡ್ಡುವ ಉತ್ತರ ತೂಕವೊಂದೇ. ಅಂಥ ಕಡೆ ಹಗುರತನವು ದೋಷ. 124 ಅಡಿ ನೀರು ನಿಂತಾಗ ತಳದಲ್ಲಿ ವಾಯುಮಂಡಲದ ಭಾರಕ್ಕೆ ಸುಮಾರು ನಾಲ್ಕು ಪಟ್ಟು ಒತ್ತಡವಿರುತ್ತದೆ. ಒಂದರೊಡನೊಂದು ಕೂಡಿಕೊಂಡ ರಂಧ್ರಗಳಿದ್ದರೆ ಈ ಒತ್ತಡದ ನೀರು ಒಳಕ್ಕೆ ನುಗ್ಗಿ, ಸುಣ್ಣವನ್ನು ಕರಗಿಸಿ ಒಯ್ಯುವುದಲ್ಲದೆ, ಕಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಲೂ ಹವಣಿಸುತ್ತದೆ. ಸುಕ್ಕೂರಿನಲ್ಲಿ ಮರಳಿನ ಎಡೆಗಳು ವಿಶ್ವೇಶ್ವರಯ್ಯನವರಿಗೆ ನೆರವಾಗಿದ್ದುವು. ಕನ್ನಂಬಾಡಿಯಲ್ಲಿ ಅಂಥವೇ ಎಡೆಗಳನ್ನು ಮುಚ್ಚುವುದು ಅವರ ಕೆಲಸವಾಯಿತು.

ಇದಕ್ಕೆ ಒದಗಿದುದು ಸುರ್ಕಿ. ಸುರ್ಕಿಯೆಂದರೆ ಸುಟ್ಟ ಜೇಡಿಮಣ್ಣಿನ, ಅಂದರೆ ಇಟ್ಟಿಗೆಯ, ನುಣ್ಣನೆಯ ಪುಡಿ. ಹದವಾಗಿ ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಎಂಬ ವಸ್ತುಗಳು ನೀರಿನ ಸಾನ್ನಿಧ್ಯದಲ್ಲಿ ಸುಣ್ಣದೊಡನೆ ಸಂಯೋಗ ಹೊಂದಿ, ನೀರಿನಲ್ಲಿ ಕರಗದ ಹೊಸ ಅಂಟನ್ನು ಉಂಟುಮಾಡುತ್ತವೆ. ಇದಕ್ಕೆ ಗಾಳಿಯ ಹಂಗಿಲ್ಲ. ನೀರಿನ ಅಡಿಯಲ್ಲಿಯೂ ಗಟ್ಟಿಯಾಗುತ್ತದೆ. ಹೊಸ ಅಂಟು ಬೆಳೆಯುತ್ತ ಹೋದಂತೆ ಗಾರೆಯೊಳಗಿನ ರಂಧ್ರಗಳನ್ನು ತುಂಬುತ್ತ ಬರುತ್ತದೆ. ತಿಂಗಳುಗಳು, ವರುಷಗಳು ಕಳೆದಂತೆ ಬಲವು ಏರುತ್ತದೆ. ಇಟ್ಟಿಗೆಯ ಪುಡಿಯ ಒಂದೊಂದು ಕಣವೂ ತಾನೇ ಒಂದು ಸಣ್ಣ ಸ್ಪಂಜಿನಂತೆ ನೀರನ್ನು ಹಿಡಿದಿಟ್ಟು, ಈ ಕ್ರಿಯೆಗೆ ಬೇಕಾದ ತೇವವನ್ನು ಒಳಗಿನಿಂದಲೇ ಒದಗಿಸುತ್ತದೆ. ಸಿಮೆಂಟಿನಂತೆ ಬೇಗನೆ ಗಟ್ಟಿಯಾಗದಿರುವುದರಿಂದ ಹೆಚ್ಚು ಕಾವೇಳುವುದಿಲ್ಲ. ಕಾವಿನಿಂದ ಬೀಳುವ ಬಿರುಕುಗಳೂ ವಿರಳ.

ಎಲ್ಲವೂ ಹದದ ಮೇಲೆ ನಿಂತಿದೆ. ಮಣ್ಣು ಅರೆಬೆಂದರೆ ಅದು ಮಣ್ಣಾಗಿಯೇ ಉಳಿದು ನೀರಿನಲ್ಲಿ ನೆನೆದು ಹಿಗ್ಗುತ್ತದೆ. ಹೆಚ್ಚು ಬೆಂದು ಕಿಟ್ಟವಾದರೆ ಗಾಜಿನಂತಾಗಿ ಸುಣ್ಣದೊಡನೆ ಬೆರೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗಡಿಗೆಗೆ ಹದವಾದ ಬೆಂಕಿ ಯಾವುದೆಂದು ಕುಂಬಾರನಿಗೆ ಗೊತ್ತಿರುವಂತೆ, ಸುರ್ಕಿ ಸುಡುವವನಿಗೂ ಕೆಂಡದ ಬಣ್ಣದಿಂದಲೇ ಅದು ತಿಳಿಯಬೇಕು. ಪುಡಿಯೂ ನುಣ್ಣಗಿರಬೇಕು, ದಪ್ಪ ಕಣಗಳ ಒಳಮೈ ಸುಣ್ಣಕ್ಕೆ ಸಿಕ್ಕುವುದಿಲ್ಲ. ಹೀಗೆ ಒಂದು ಮಹಾಯೋಜನೆಯ ಭದ್ರತೆಯು ಗೂಡಿನ ಮುಂದೆ ಕುಳಿತವರ, ಗಾರೆ ಅರೆದವರ ಎಚ್ಚರದ ಮೇಲೆ ನಿಂತಿತ್ತು. ಅವರ ಹೆಸರುಗಳು ಯಾವ ಶಿಲೆಯ ಮೇಲೂ ಇಲ್ಲ.

ಸುರ್ಕಿಗೆ ಒಂದು ಕುಂದುಂಟು: ಅದು ನಿಧಾನಿ. ವಿಶ್ವೇಶ್ವರಯ್ಯನವರಿಗಾದರೋ ಕಾಲಾವಕಾಶವಿರಲಿಲ್ಲ. ಗಣಿಗಳಿಗೆ ಹೆಚ್ಚಿನ ವಿದ್ಯುತ್ತನ್ನು ಒದಗಿಸಲು 1915ರ ಬೇಸಗೆಯ ಕೊನೆಯೊಳಗೆ ಕಟ್ಟೆಯ ಮೊದಲ ಹಂತವು ಮುಗಿಯಬೇಕಿತ್ತು. 1912ರಲ್ಲಿ ಅವರೇ ದಿವಾನರಾದರು. ಆಡಳಿತದ ಹೊರೆ ಹೊತ್ತಿದ್ದರೂ ಕಟ್ಟೆಯ ಮೇಲಿನ ನಿಗಾ ಸಡಿಲಲಿಲ್ಲ. ಸುಮಾರು ಹತ್ತು ಸಾವಿರ ಮಂದಿ ದುಡಿದರು. ಹೊತ್ತು ಮುಳುಗಿದ ಮೇಲೆ ದೀಪಗಳ ಬೆಳಕಿನಲ್ಲಿ ಕೆಲಸ ಮುಂದುವರಿಯಿತು. ಹೊಳೆಯ ನೆರೆ ಒಂದು ಕಡೆ, ಮಲೇರಿಯಾ ಒಂದು ಕಡೆ ಕೆಲಸಗಾರರನ್ನು ಕಾಡಿದುವು. ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳ ಜನರು ತಲೆತಲಾಂತರದ ಮನೆ ಹೊಲಗಳನ್ನು ಬಿಟ್ಟೆದ್ದು ಹೊಸ ನೆಲೆಗಳಿಗೆ ಹೋಗಬೇಕಾಯಿತು. ನಾಡಿನ ಏಳಿಗೆಯನ್ನು ಬಣ್ಣಿಸುವಾಗ ಅವರ ತ್ಯಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ವಾಡಿಕೆ. ಆದರೆ ಮುಳುಗಿದ ಊರಿನವರಿಗೆ ಅದು ಒಂದು ಸಾಲಿನ ಮಾತಾಗಿರಲಿಲ್ಲ.

ಗೊತ್ತಾದ ಅವಧಿಯೊಳಗೆ ಮೊದಲ ಹಂತ ಮುಗಿದು ಶಿವನಸಮುದ್ರಕ್ಕೆ ಬೇಸಗೆಯಲ್ಲಿಯೂ ನೀರು ದೊರೆಯುವಂತಾಯಿತು. 1918ರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಹಿಂದೆ ಸರಿದರು. ಕಟ್ಟೆಯನ್ನು ಪೂರ್ಣ ಎತ್ತರಕ್ಕೆ ಏರಿಸುವ ವಿಷಯದಲ್ಲಿ ಮದರಾಸಿನೊಡನೆ ನಡೆದ ವ್ಯಾಜ್ಯವು 1924ರ ಫೆಬ್ರವರಿ 18ರ ಒಪ್ಪಂದದಿಂದ ತೀರಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಕಾವೇರಿಗೆ ಹಿಂದೆ ಕಂಡರಿಯದಂಥ ಮಹಾಪೂರ ಬಂದಿತು. ಆಗ ಕಟ್ಟೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ಕೆಳಗಿನ ಊರುಗಳು ಬಹಳ ನಷ್ಟವನ್ನು ಅನುಭವಿಸಿದುವು; ಕಟ್ಟೆ ಮಾತ್ರ ನಿಂತಿತು. ಕೆಲಸವು 1931ರಲ್ಲಿ, ಬೇರೆ ಇಂಜಿನಿಯರುಗಳ ಮತ್ತು ಬೇರೆ ದಿವಾನರ ಕಾಲದಲ್ಲಿ, ಮುಗಿಯಿತು. ಜಲಾಶಯಕ್ಕೆ ಕೃಷ್ಣರಾಜಸಾಗರವೆಂದು ಹೆಸರಾಯಿತು.

ದಿವಾನಗಿರಿಯನ್ನು ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಸುಮ್ಮನೆ ಕೂಡಲಿಲ್ಲ. ಅವರ ಆಡಳಿತದಲ್ಲಿ ಹುಟ್ಟಿದ ಮೈಸೂರು ಬ್ಯಾಂಕು, 1916ರ ಮೈಸೂರು ವಿಶ್ವವಿದ್ಯಾನಿಲಯ ಬೆಳೆಯುತ್ತಿದ್ದುವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಅದರ ಆಡಳಿತವನ್ನು ವಹಿಸಿಕೊಂಡು ನೆಲೆಗೆ ತಂದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. ಮರುವರ್ಷದ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಸೇರಿತು. ಒಂದು ಕಾಲಕ್ಕೆ ಕನ್ನಂಬಾಡಿಯ ನೀರಿನ ವ್ಯಾಜ್ಯದಲ್ಲಿ ಎದುರು ಕಡೆಯಲ್ಲಿದ್ದ ಊರು ಹೀಗೆ ಕಟ್ಟೆಯಿದ್ದ ರಾಜ್ಯದೊಳಗೇ ಬಂದಿತು. ನೂರರ ಗಡಿಯನ್ನು ಮುಟ್ಟಿದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಅವರ ಸಮಾಧಿ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿದೆ.

ಗಾರೆಯ ಕಥೆ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಹಿಂದಿನವರು ಮೊಟ್ಟೆಯ ಬಿಳಿಯಿಂದ ಸ್ವಲ್ಪ ಮಟ್ಟಿಗೆ ಸಾಧಿಸಿದುದನ್ನು ಇಂದಿನವರು ಕಾರ್ಖಾನೆಯಲ್ಲಿ ಹೇರಳವಾಗಿ ಮಾಡುತ್ತಾರೆ. ಸುಣ್ಣ, ಸಿಮೆಂಟು, ಕಲ್ಲಿದ್ದಲಿನ ಹಾರುಬೂದಿಗಳ ಹಿಟ್ಟಿಗೆ ಚಿಟಿಕೆಯಷ್ಟು ಅಲ್ಯುಮಿನಿಯಂ ಪುಡಿಯನ್ನು ಸೇರಿಸಿದರೆ ಹೈಡ್ರೋಜನ್ ಅನಿಲ ಹುಟ್ಟಿ, ಇಡ್ಲಿಯ ಹಿಟ್ಟಿನಂತೆ ಅದು ಉಬ್ಬುತ್ತದೆ. ಉಬ್ಬಿದುದನ್ನು ಕತ್ತರಿಸಿ ಒತ್ತಡದ ಹಬೆಯಲ್ಲಿ ಬೇಯಿಸಿದರೆ, ಇಟ್ಟಿಗೆಯ ಅರ್ಧ ತೂಕವೂ ಇಲ್ಲದ ಗಡ್ಡೆಗಳು ಸಿದ್ಧವಾಗುತ್ತವೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಗೋಡೆಗಳಿಗೆ ಇವು ಒಪ್ಪುತ್ತವೆ. ಅಲ್ಲಿ ಭಾರವನ್ನು ಹೊರುವುದು ಕಂಬಗಳು, ಗೋಡೆಯು ಹಗುರವಾದಷ್ಟೂ ಮೇಲು.

ಕನ್ನಂಬಾಡಿಯಲ್ಲಿ ಕೆಲಸಕ್ಕೆ ಬಂದುದು ಭಾರವಾದ ಕಲ್ಲು ಮತ್ತು ನಿಧಾನವಾಗಿ ಗಟ್ಟಿಯಾಗುವ ಕೆಂಪು ಗಾರೆ. ನೀರು ತಾಕುವ ಮುಖದಲ್ಲಿ ಸವೆದ ಸಂದುಗಳನ್ನು ಈಚೆಗೆ ಹೊಸ ಗಾರೆಯಿಂದ ತುಂಬಿದ್ದಾರೆ, ಹಳೆಯ ಬಾಗಿಲುಗಳನ್ನು ಬದಲಿಸಿದ್ದಾರೆ. ಒಡಲಿನ ಸುರ್ಕಿ ಮಾತ್ರ ಮೊದಲಿನದೇ. ಅದರ ಹಿಂದೆ ನಿಂತ ನೀರು ಬಿಟ್ಟಾಗಲೆಲ್ಲ ಶ್ರೀರಂಗಪಟ್ಟಣವನ್ನು ದಾಟಿ ಬಂದು, ಕೊಳ್ಳೇಗಾಲದ ಸೀಮೆಯ ದ್ವೀಪದ ಎರಡು ಮಗ್ಗುಲಲ್ಲಿಯೂ ಬೀಳುತ್ತದೆ; ಶಿವನಸಮುದ್ರದ ವಿದ್ಯುದಾಗಾರ ಇಂದಿಗೂ ನಡೆಯುತ್ತಿದೆ.